ನಿನ್ನ ಮಗಳು ಬಿಡುವು ಕಲಿತ ಬಗೆ

ಪ್ರೀತಿಯ ಅಕ್ಕ,

ನಾವಿಬ್ಬರೂ ಚೆನ್ನಾಗಿದ್ದೇವೆ. ದಪ್ಪ ಲಕೋಟೆ ಕಂಡರೆ ನಿನ್ನ ಎದೆ ಧಸಕ್ಕೆನ್ನುತ್ತದೆ ಎಂದು ಗೊತ್ತಿರುವುದರಿಂದ ಮೊದಲು ಅದನ್ನು ಹೇಳಿಬಿಟ್ಟೆ. ಇನ್ನು ನಿಧಾನವಾಗಿ ಓದು.

ಕಳೆದ ಸಲ ಫೋನಿನಲ್ಲಿ ನೀನು ಕೊನೆಗೆ ಹೇಳಿದ ಮಾತು ನನ್ನ ಕಿವಿಯಲ್ಲೇ ಇದೆ. "ಅವಳು ನನ್ನ ಹತ್ರ ಮಾತೇ ಆಡಲ್ಲ ಅಂದ್ಮೇಲೆ ಯಾರಿಗೋಸ್ಕರ ದುಡೀಲಿ? ಮುಂದಿನ ಬಂದರಿನಲ್ಲಿ ಕರಾರಿಗೆ ಸಹಿ ಹಾಕಲ್ಲ, ಬಂದ್ಬಿಡ್ತೀನಿ" ಎಂದೆ. ಅಷ್ಟರಲ್ಲಿ ಯಾರೋ ನಿನ್ನನ್ನು ವಾರ್ಡಿಗೆ ಕರೆದರು. ಅದಕ್ಕೇ ಈ ಪತ್ರ. ಭಾವ ತೀರಿಕೊಂಡ ಮೇಲೆ ನೀನು ಆಸ್ಪತ್ರೆ ಹಡಗಿನ ನರ್ಸ್ ಆಗಿ ಹೊರಟೆ, ಮಗಳನ್ನು ನನ್ನ ಮನೆಯಲ್ಲಿ ಬಿಟ್ಟೆ. ಮೊದಮೊದಲು ನಿನ್ನ ಫೋನ್ ಬಂದರೆ ಚಪ್ಪಲಿ ಬಿಟ್ಟು ಓಡಿ ಬರುತ್ತಿದ್ದಳು. ಬರಬರುತ್ತಾ ಫೋನ್ ಸದ್ದಾದರೆ ಬಚ್ಚಲು ಮನೆಗೆ ಹೋಗಿ ಚಿಲಕ ಹಾಕಿಕೊಳ್ಳತೊಡಗಿದಳು. ಯಾಕೆ ಎಂದು ನಾನು ಕೇಳಿದೆ, ಗದರಿದೆ, ಗೋಗರೆದೆ. ಅವಳು ಬಾಯಿ ಬಿಡಲಿಲ್ಲ. ಕೋಪ ಎಂದು ನೀನು ತಿಳಿದೆ, ನಾನೂ ತಿಳಿದೆ. ಅದು ಕೋಪವಾಗಿರಲಿಲ್ಲ. ಏನಾಗಿತ್ತು ಎನ್ನುವುದು ನನಗೆ ಗೊತ್ತಾದದ್ದು ಒಂದು ಹಳೆಯ ಸಂಗೀತದಿಂದ. ಅದನ್ನು ಮೊದಲಿನಿಂದಲೇ ಹೇಳಬೇಕು.

ನಮ್ಮ ಶಾಲೆಯ ಸಂಗೀತದ ಟೀಚರ್ ಹೆರಿಗೆ ರಜೆಗೆ ಹೋದರು. ಅವರು ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಹಳೆಯ ಕಾಲದ ಜಾಜ್ ಸಂಗೀತವನ್ನೂ ಸ್ವಿಂಗ್ ನೃತ್ಯವನ್ನೂ ಕಲಿಸುತ್ತಿದ್ದರು. ಹೆಡ್ ಮೇಡಂ ಆ ತರಗತಿಯನ್ನು ನನ್ನ ಕೊರಳಿಗೆ ಕಟ್ಟಿದರು. ನನಗೆ ಸ್ವರ ಗೊತ್ತಿಲ್ಲ ಎಂದೆ. "ಇತಿಹಾಸ ಗೊತ್ತಲ್ಲ, ಇದೂ ಇತಿಹಾಸವೇ" ಎಂದರು. ಕಾಲಿನ ಕೆಲಸಕ್ಕೆ ಆಟದ ಟೀಚರನ್ನು ಜೊತೆ ಮಾಡಿದರು. ಆಕೆ ಹರೆಯದಲ್ಲಿ ಈ ನೃತ್ಯ ಕುಣಿದವರು, ಪಿಯಾನೊ ಕೂಡ ಒಂದಿಷ್ಟು ನುಡಿಸುತ್ತಾರೆ. ಮಕ್ಕಳು ಊಟಕ್ಕೆ ಕೂರುವ ದೊಡ್ಡ ಹಾಲ್‌ನ ಮೇಜುಗಳನ್ನು ಗೋಡೆಗೆ ತಳ್ಳಿ, ನೆಲ ಒರೆಸಿ, ಒದ್ದೆ ಆರುವವರೆಗೆ ನಾನು ಪಾಠ ಹೇಳುವುದು, ಆರಿದ ಮೇಲೆ ಆಕೆ ಕುಣಿಸುವುದು ಎಂದು ಮಾಡಿಕೊಂಡೆವು. ಮೊದಲ ವಾರವೇ ಒಬ್ಬ ತಾಯಿ ಬಂದು, ಹಗ್ಗ ಗಟ್ಟಿ ಇದೆಯೇ, ಕೆಳಗೆ ಮರಳು ಹಾಕಿದ್ದೀರಾ ಎಂದು ವಿಚಾರಿಸಿದರು. ಸ್ವಿಂಗ್ ಎಂದರೆ ಜೋಕಾಲಿ ಎಂದುಕೊಂಡಿದ್ದರಂತೆ. ಆಟದ ಟೀಚರ್, "ಹಗ್ಗ ಇಲ್ಲ, ಜೊತೆಗಾರನ ಕೈಯೇ ಹಗ್ಗ" ಎಂದು ಸಮಾಧಾನ ಹೇಳಿ ಕಳಿಸಿದರು.

ನಿನ್ನ ಮಗಳನ್ನೂ ಸೇರಿಸಿದೆ. ಮನೆಯಲ್ಲಿ ಒಬ್ಬಳೇ ಕೂರುವುದು ಬೇಡ ಎನ್ನುವುದಷ್ಟೇ ಕಾರಣ. ಶಾಲೆಯಲ್ಲಿ 'ಸರ್' ಎನ್ನಬೇಕು ಎಂದು ದಾರಿಯುದ್ದಕ್ಕೂ ಹೇಳಿಕೊಟ್ಟು ಕರೆದೊಯ್ದರೆ, ಒಳಗೆ ಕಾಲಿಟ್ಟ ಕೂಡಲೇ "ಮಾವ, ಚೀಲ ಎಲ್ಲಿಡ್ಲಿ?" ಎಂದಳು. ಅಂದಿನಿಂದ ಇಡೀ ತರಗತಿಗೆ ನಾನು ಮಾವ. ಹೆಡ್ ಮೇಡಂ ಕೂಡ ಒಮ್ಮೆ ಬಾಯಿ ತಪ್ಪಿ ಕರೆದು ನಾಲಿಗೆ ಕಚ್ಚಿಕೊಂಡರು. ಮಕ್ಕಳು ಅವಳಿಗೂ ಒಂದು ಹೆಸರಿಟ್ಟರು: ಮೊಳೆ. ನಿಲ್ಲಿಸಿದ ಕಡೆ ನಿಂತುಬಿಡುತ್ತಾಳೆ, ಎಳೆದರೂ ಬರುವುದಿಲ್ಲ ಎಂದು. ಅವಳ ಜೊತೆಗಾರನಾಗಿ ಸಿಕ್ಕವನು ತರಗತಿಗೆಲ್ಲ ಉದ್ದನೆಯ ಹುಡುಗ. ಅವನ ಹೆಸರು ಏಣಿ.

ಅಕ್ಕ, ನಾನು ವರ್ಷಗಟ್ಟಲೆ ಇತಿಹಾಸ ಹೇಳಿದವನು. ಯುದ್ಧ, ಒಪ್ಪಂದ, ರಾಜರ ಸಾವು ಇವನ್ನು ಹೇಳುವಾಗ ನನ್ನ ದನಿ ಏರಿಳಿದದ್ದಿಲ್ಲ. ಈ ಪಾಠಕ್ಕೆ ಓದಿಕೊಳ್ಳುವಾಗ ಮಾತ್ರ ಎಷ್ಟೋ ಸಲ ಪುಸ್ತಕ ಮುಚ್ಚಿ ಸುಮ್ಮನೆ ಕೂತಿದ್ದೇನೆ. ಈ ಸಂಗೀತವನ್ನು ಕಟ್ಟಿದವರು ಯಾರು ಗೊತ್ತೆ? ಹಡಗಿನ ತಳದಲ್ಲಿ ಸರಪಳಿ ಹಾಕಿ ತಂದು ಸಂತೆಯಲ್ಲಿ ಮಾರಿದ ಜನರ ಮಕ್ಕಳು, ಮೊಮ್ಮಕ್ಕಳು. ಅವರ ಹಿರಿಯರಿಂದ ಊರು, ಭಾಷೆ, ಹೆಸರು ಎಲ್ಲವನ್ನೂ ಕಿತ್ತುಕೊಂಡಿದ್ದರು. ನ್ಯೂ ಆರ್ಲಿಯನ್ಸ್ ಎಂಬ ಬಂದರು ಪಟ್ಟಣದಲ್ಲಿ ಮಾತ್ರ ಭಾನುವಾರ ಒಂದು ಬಯಲಿನಲ್ಲಿ ಸೇರಿ ಬಾರಿಸಲು, ಕುಣಿಯಲು ಅವಕಾಶವಿತ್ತು. ತಲೆಮಾರು ಕಳೆದ ಮೇಲೆ ಆ ಊರಿನ ಹಿತ್ತಾಳೆ ವಾದ್ಯದವರು ಶವದ ಮುಂದೆ ನಿಧಾನದ ಹಾಡು ನುಡಿಸುತ್ತಾ ಹೋಗಿ, ಮಣ್ಣು ಕೊಟ್ಟು ಬರುವಾಗ ಕುಣಿಯುವ ಹಾಡು ನುಡಿಸುತ್ತಿದ್ದರು. ಇದನ್ನು ಹೇಳಿದಾಗ ಒಬ್ಬಳು ಹುಡುಗಿ ಕೈ ಎತ್ತಿ, ಬರುವಾಗ ಅವರಿಗೆ ದುಃಖ ಆಗುತ್ತಿರಲಿಲ್ಲವೇ ಎಂದಳು. ಆಗುತ್ತಿತ್ತು, ಆಗುತ್ತಲೇ ಕುಣಿಯುತ್ತಿದ್ದರು ಎಂದೆ. ಅವಳು ಒಪ್ಪಿದಂತೆ ತಲೆಯಾಡಿಸಿದಳು. ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ, ದೊಡ್ಡವರಿಗೇ ಕಷ್ಟ.

ಅದೇ ಊರಿನ ಬೀದಿಗಳಲ್ಲಿ ಬಡ ಮಕ್ಕಳು ಸಿಗಾರ್ ಪೆಟ್ಟಿಗೆಗೆ ತಂತಿ ಬಿಗಿದು, ಸಿಕ್ಕಿದ ಡಬ್ಬ ಬಡಿದು ತಂಡ ಕಟ್ಟಿಕೊಳ್ಳುತ್ತಿದ್ದರು ಎಂದು ಓದಿ ಹೇಳಿದ್ದೇ ತಡ, ಮಾರನೆಯ ದಿನ ನಮ್ಮ ಊಟದ ಹಾಲ್ ಗುಜರಿ ಅಂಗಡಿಯಾಯಿತು. ಬಿಸ್ಕತ್ತಿನ ಡಬ್ಬ, ಬಾಚಣಿಗೆಗೆ ಸುತ್ತಿದ ತೆಳು ಕಾಗದ, ಬಟ್ಟೆ ಉಜ್ಜುವ ಹಲಗೆ, ನೀರಿನ ಕೊಳವೆಯ ತುಂಡು. ನಮ್ಮ ತಂಡ ಹೀಗೆ ಹುಟ್ಟಿತು.

ಈ ಸಂಗೀತದಲ್ಲಿ ಚಪ್ಪಾಳೆ ನಾವು ತಟ್ಟುವ ಕಡೆ ಬೀಳುವುದಿಲ್ಲ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದರೆ ನಮ್ಮ ಕೈ ತಾನಾಗಿ ಒಂದಕ್ಕೂ ಮೂರಕ್ಕೂ ಹೋಗುತ್ತದೆ. ಅವರದು ಎರಡಕ್ಕೆ, ನಾಲ್ಕಕ್ಕೆ. ಆಟದ ಟೀಚರ್, "ಮೊದಲ್ನೇ ಪೆಟ್ಟು ಕಾಲಿಗೆ, ಎರಡನೇ ಪೆಟ್ಟು ಕೈಗೆ" ಎಂದರು. "ಮೂರನೇ ಪೆಟ್ಟು ಯಾರಿಗೆ ಟೀಚರ್? ಹೋಮ್‌ವರ್ಕ್ ಮಾಡದವರಿಗಾ?" ಎಂದ ಏಣಿ. ಎಲ್ಲ ನಕ್ಕರು. ಆದರೆ ಕೆಲವು ದಿನ ತಪ್ಪಿ ತಪ್ಪಿ, ಒಂದು ಸಂಜೆ ಎಲ್ಲರ ಕೈಯೂ ಒಟ್ಟಿಗೇ ಎರಡಕ್ಕೆ ಬಿದ್ದಾಗ, ಅದೇ ಹಾಡು ನೆಲದಿಂದ ಮೇಲಕ್ಕೆದ್ದ ಹಾಗಾಯಿತು. ಹೇಗೆ ಎಂದು ಕೇಳಬೇಡ, ನನಗೂ ಗೊತ್ತಿಲ್ಲ. ಚಪ್ಪಾಳೆ ಒಂದು ಹೆಜ್ಜೆ ತಡವಾಗಿ ಬಂತು, ಅಷ್ಟೇ. ತಡ ಮಾಡಿದರೆ ಚಾವಟಿ ಏಟು ತಿನ್ನಬೇಕಾಗಿದ್ದ ಜನರ ಮೊಮ್ಮಕ್ಕಳು ತಡವನ್ನೇ ಇಷ್ಟು ಚಂದ ಮಾಡಿದರಲ್ಲ ಎಂದು ನಾನು ಮೇಜಿಗೆ ಒರಗಿ ನಿಂತುಬಿಟ್ಟೆ.

ಕುಣಿತ ಶುರುವಾದ ಮೇಲೆ ತಂಟೆ ಬಂದದ್ದು ನಿನ್ನ ಮಗಳಿಂದ. ಸ್ವಿಂಗ್‌ನಲ್ಲಿ ಇಬ್ಬರೂ ಕೈ ಹಿಡಿದು ಹತ್ತಿರ ಬರುತ್ತಾರೆ, ಸುತ್ತುತ್ತಾರೆ, ಆಮೇಲೆ ತೋಳು ಚಾಚುವಷ್ಟು ದೂರ ಹಾರಿ ಹೋಗಿ ಅಲ್ಲಿಂದ ಮತ್ತೆ ವಾಪಸಾಗುತ್ತಾರೆ. ಕೆಲವು ಕಡೆ ಕೈಯನ್ನೇ ಬಿಡಬೇಕು. ಇವಳು ಹತ್ತಿರ ಬಂದರೆ ಹೋಗುವುದಿಲ್ಲ, ಹಿಡಿದರೆ ಬಿಡುವುದಿಲ್ಲ. ಏಣಿ ಒಂದು ದಿನ ಕೆಂಪಾದ ಬೆರಳು ತೋರಿಸಿ, "ಮಾವ, ನನ್ನ ಕೈ ನನಗೆ ವಾಪಸ್ ಕೊಡೋಕೆ ಹೇಳಿ, ರಾತ್ರಿ ಊಟಕ್ಕೆ ಬೇಕು" ಎಂದ. ಆಟದ ಟೀಚರ್ ಅವಳನ್ನು ಗದರಲಿಲ್ಲ. ತಾವೇ ಅವಳ ಜೊತೆ ನಿಂತು, ಒಂದೇ ಬೆರಳು ಕೊಟ್ಟು, ನಿಧಾನವಾಗಿ ಹಿಂದಕ್ಕೆ ವಾಲಿದರು. ವಾಲಿದಷ್ಟೂ ಬೆರಳಿಗೆ ಬಿಗಿ ಬರುತ್ತದೆ, ಆ ಬಿಗಿಯೇ ವಾಪಸು ತರುತ್ತದೆ ಎಂದು ತೋರಿಸಿದರು. ನಾಲ್ಕಾರು ದಿನದ ಮೇಲೆ ಇವಳು ಏಣಿಯನ್ನೇ ಬೈಯುವುದು ಕೇಳಿಸಿತು: "ನೀನು ಸರಿಯಾಗಿ ದೂರ ಹೋಗಲ್ಲ ಕಣೋ, ಹೋಗದೇ ಇದ್ರೆ ಎಳೆಯೋಕೆ ಏನಿರುತ್ತೆ?"

ಆ ಜನ ಕುಣಿಯುತ್ತಿದ್ದ ಜಾಗದ ವಿಷಯವನ್ನೂ ಹೇಳಿದೆ. ನ್ಯೂಯಾರ್ಕಿನ ಹಾರ್ಲೆಮ್ ಎಂಬ ಕಡೆ ಬೀದಿಯಷ್ಟು ಉದ್ದದ ಒಂದು ಹಾಲ್ ಇತ್ತು. ಬೇರೆಲ್ಲ ಕಡೆ ಕಪ್ಪು ಜನರಿಗೆ ಬೇರೆ ಬಾಗಿಲು, ಬೇರೆ ಕುರ್ಚಿ ಇದ್ದ ಕಾಲದಲ್ಲಿ ಅಲ್ಲಿ ಕಪ್ಪು, ಬಿಳಿ ಎನ್ನದೆ ಒಂದೇ ನೆಲದ ಮೇಲೆ ಕುಣಿದರು. ಒಂದು ತಂಡ ದಣಿದರೆ ಪಕ್ಕದ ವೇದಿಕೆಯಲ್ಲಿ ಇನ್ನೊಂದು ತಂಡ ಸಿದ್ಧ. ಮರದ ನೆಲ ಸವೆದು ಹೋಗಿ ಕೆಲವು ವರ್ಷಕ್ಕೊಮ್ಮೆ ಹೊಸದಾಗಿ ಹಾಸಬೇಕಾಗುತ್ತಿತ್ತು. ಮಕ್ಕಳು ತಮ್ಮ ಕಾಲ ಕೆಳಗಿನ ಸಿಮೆಂಟು ನೆಲವನ್ನು ನೋಡಿಕೊಂಡರು. ಏಣಿ ಬೂಟಿನ ಅಂಚಿನಿಂದ ಕೆರೆದು, ಇದು ಈ ಜನ್ಮದಲ್ಲಿ ಸವೆಯಲ್ಲ ಎಂದ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಆ ಹಾಡುಗಳಲ್ಲಿ ಒಂದು ಪದ್ಧತಿ ಇದೆ. ಇಡೀ ತಂಡ ಭರದಿಂದ ನುಡಿಸುತ್ತಾ ಬಂದು ಗಕ್ಕನೆ ನಿಲ್ಲುತ್ತದೆ. ಆ ಮೌನದಲ್ಲಿ ಒಬ್ಬನೇ ಒಬ್ಬ ತನಗೆ ತೋಚಿದ್ದನ್ನು ನುಡಿಸುತ್ತಾನೆ, ಇಲ್ಲವೆ ಕುಣಿಯುತ್ತಾನೆ. ಅವನು ಮುಗಿಸುವ ಹೊತ್ತಿಗೆ ಸರಿಯಾಗಿ ಎಲ್ಲರೂ ಬಂದು ಕೂಡಿಕೊಳ್ಳುತ್ತಾರೆ. ಯಾರೂ ಸನ್ನೆ ಮಾಡುವುದಿಲ್ಲ. ತಾಳ ಯಾರ ಕೈಯಲ್ಲೂ ಇಲ್ಲದೆ ಎಲ್ಲರೊಳಗೂ ನಡೆಯುತ್ತಿರುತ್ತದೆ. ಇದಕ್ಕೆ ಅವರು ಬ್ರೇಕ್ ಎನ್ನುತ್ತಾರೆ. ನಮ್ಮ ಮಾತಿನಲ್ಲೇ ಹೇಳೋಣ ಎಂದು ನಾನು 'ಬಿಡುವು' ಎಂಬ ಪದ ಹುಡುಕಿ ಇಟ್ಟುಕೊಂಡೆ. ಹುಡುಕಿದ್ದಕ್ಕೆ ಒಳಗೊಳಗೇ ಹೆಮ್ಮೆಯೂ ಪಟ್ಟೆ. ಮರುದಿನ ತಂಡ ಜೋರಾಗಿ ನುಡಿಸುತ್ತಿತ್ತು, ಜೋಡಿಗಳು ಕುಣಿಯುತ್ತಿದ್ದವು. ಸರಿಯಾದ ಜಾಗ ಬಂದಾಗ ನಾನು ಕೈ ಎತ್ತಿ, "ಈಗ ಬಿಡುವು" ಎಂದು ಕೂಗಿದೆ.

ಶಾಲೆಯ ಮಕ್ಕಳಿಗೆ ಆ ಪದಕ್ಕೆ ಇರುವ ಅರ್ಥ ಒಂದೇ ಅಲ್ಲವೇ? ಕಣ್ಣು ಮಿಟುಕಿಸುವಷ್ಟರಲ್ಲಿ ಹಾಲ್ ಖಾಲಿ. ಡಬ್ಬದವನು ಡಬ್ಬ ಎಸೆದು ಓಡಿದ. ಅರ್ಧ ಜನ ಅಂಗಳದಲ್ಲಿ ಚೆಂಡಿನ ಹಿಂದೆ, ಇನ್ನರ್ಧ ನಲ್ಲಿಯ ಮುಂದೆ. ಆಟದ ಟೀಚರ್ ಪಿಯಾನೊ ಮೇಲೆ ತಲೆಯಿಟ್ಟು ನಗುತ್ತಿದ್ದರು. "ಮೇಷ್ಟ್ರೇ, ನಿಮ್ಮ ಪದಕ್ಕೆ ಶಕ್ತಿ ಇದೆ" ಎಂದರು. ನಿನ್ನ ಮಗಳೊಬ್ಬಳು ಮಾತ್ರ ಹಾಲಿನ ನಡುವೆ ನಿಂತಿದ್ದಳು. ಎಂದಿನ ಹಾಗೆ ಮೊಳೆ ಎಂದುಕೊಂಡು, ನೀನ್ಯಾಕೆ ಹೋಗಲಿಲ್ಲ ಎಂದೆ.

"ಹಾಡು ನಿಂತಿಲ್ಲ ಮಾವ. ಕೇಳಿಸ್ತಿಲ್ಲ ಅಷ್ಟೇ" ಎಂದಳು.

ಅವಳ ಪಾದ ನೋಡಿದೆ. ಬೂಟಿನೊಳಗೆ ಹೆಬ್ಬೆರಳು ಏಳುತ್ತಿತ್ತು, ಬೀಳುತ್ತಿತ್ತು. ಖಾಲಿ ಹಾಲಿನಲ್ಲಿ, ಯಾರೂ ನುಡಿಸದ ಹಾಡಿಗೆ, ಅವಳು ತಾಳ ಕಾಯ್ದುಕೊಂಡು ನಿಂತಿದ್ದಳು. ಆಟದ ಟೀಚರ್ ನಗು ನಿಲ್ಲಿಸಿದರು. ಇಷ್ಟು ಸರಿಯಾದ ಮಾತನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಹೋದ ಶನಿವಾರ ತಂದೆತಾಯಿಗಳ ಮುಂದೆ ಪ್ರದರ್ಶನ ಇತ್ತು. ಊಟದ ಬೆಂಚುಗಳ ಮೇಲೆ ಜನ ಒತ್ತಿಕೊಂಡು ಕೂತಿದ್ದರು. ಪ್ರತಿ ಜೋಡಿಗೂ ಒಂದೊಂದು ಬಿಡುವು ಎಂದು ಮೊದಲೇ ಮಾತಾಗಿತ್ತು. ತಂಡ ನಿಲ್ಲುತ್ತದೆ, ಆ ಜೋಡಿ ತನ್ನ ಕೈಚಳಕ ತೋರಿಸುತ್ತದೆ, ತಂಡ ಮತ್ತೆ ಬರುತ್ತದೆ. ಒಬ್ಬ ಲಾಗ ಹಾಕಿದ. ಇನ್ನೊಬ್ಬ ಹೆಡ್ ಮೇಡಂ ನಡೆಯುವ ಹಾಗೆ ನಡೆದು ತೋರಿಸಿದ. ಮೇಡಂ ಎಲ್ಲರಿಗಿಂತ ಜೋರಾಗಿ ನಕ್ಕರು, ಅವನ ಹೆಸರನ್ನೂ ನೆನಪಿಟ್ಟುಕೊಂಡರು ಎಂದು ಕಾಣುತ್ತದೆ. ಹೀಗೆ ಏಣಿಯ, ನಿನ್ನ ಮಗಳ ಸರದಿ ಬಂತು.

ತಂಡ ಗಕ್ಕನೆ ನಿಂತಿತು. ಅವಳು ಏಣಿಯ ಕೈ ಬಿಟ್ಟಳು. ಅಕ್ಕ, ಬಿಟ್ಟಳು. ಬಿಟ್ಟು ಹಾಲಿನ ನಡುವಿಗೆ ಜಾರಿ ಹೋಗಿ, ಎರಡೂ ಕೈ ಕೆಳಗೆ ಇಳಿಬಿಟ್ಟು ನಿಂತಳು. ಕುಣಿಯಲಿಲ್ಲ. ತಿರುಗಲಿಲ್ಲ. ಏಣಿ ತುಟಿ ಅಲುಗಿಸದೆ "ಏನಾದ್ರೂ ಮಾಡೇ" ಎಂದದ್ದು ಮೊದಲ ಬೆಂಚಿನವರೆಗೂ ಕೇಳಿಸಿತು. ಹೆದರಿ ಮರಗಟ್ಟಿದಳು ಎಂದುಕೊಂಡು ನಾನು ಒಂದು ಹೆಜ್ಜೆ ಮುಂದಿಟ್ಟೆ. ಆಟದ ಟೀಚರ್ ಪಿಯಾನೊ ಮೇಲಿಂದ ಕಣ್ಣಲ್ಲೇ ನನ್ನನ್ನು ತಡೆದರು. ಆಗ ಹಾಲಿನೊಳಗೆ ಏನಾಯಿತು ಎನ್ನುವುದನ್ನು ನಿನಗೆ ಮುಟ್ಟಿಸುವುದು ಹೇಗೋ ತಿಳಿಯದು. ಕೆಮ್ಮುತ್ತಿದ್ದವರು ಕೆಮ್ಮು ನಿಲ್ಲಿಸಿದರು. ಯಾವ ಸದ್ದೂ ಇರಲಿಲ್ಲ, ಆದರೆ ಅಲ್ಲಿದ್ದ ಪ್ರತಿಯೊಬ್ಬರ ಒಳಗೂ ಹಾಡು ನಡೆಯುತ್ತಿತ್ತು. ಬಾಚಣಿಗೆ ಹಿಡಿದ ಮಗುವಿನ ಒಳಗೆ, ಬೆಂಚಿನ ಮೇಲಿದ್ದ ಮುದುಕಿಯ ಒಳಗೆ, ಸ್ವರ ಗೊತ್ತಿಲ್ಲದ ನನ್ನ ಒಳಗೆ. ಆಮೇಲೆ ಅವಳ ಹಿಮ್ಮಡಿ ನೆಲಕ್ಕೆ ಬಿತ್ತು. ಅದೇ ಗಳಿಗೆಗೆ ಡಬ್ಬ, ಹಲಗೆ, ಕೊಳವೆ, ಪಿಯಾನೊ ಎಲ್ಲವೂ ಒಟ್ಟಿಗೆ ಬಂದು ಬಿದ್ದವು. ಒಬ್ಬರೂ ಮುಂಚೆ ಬರಲಿಲ್ಲ, ಒಬ್ಬರೂ ಹಿಂದುಳಿಯಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಅದೂ ಎರಡಕ್ಕೆ, ನಾಲ್ಕಕ್ಕೆ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮನೆಗೆ ನಡೆದು ಬರುವಾಗ ಅವಳು ಹೆಜ್ಜೆ ಎಣಿಸುತ್ತಾ ಬಂದಳು. ಅಂಗಡಿಗಳ ಬೀದಿ ದಾಟಿ ನಮ್ಮ ಮೆಟ್ಟಿಲ ಹತ್ತಿರ ಬಂದಾಗ, "ಅಮ್ಮನಿಗೆ ಬಿಡುವಿಲ್ಲ, ಬಿಡುವಿಲ್ಲ ಅಂತ ಯಾವಾಗ್ಲೂ ಹೇಳ್ತೀರಲ್ಲ ಮಾವ, ಇದೆ" ಎಂದಳು. ನನಗೆ ತಲೆಬುಡ ತಿಳಿಯಲಿಲ್ಲ. "ಫೋನಲ್ಲಿ ಇರುತ್ತಲ್ಲ, ಮಧ್ಯ ಮಧ್ಯ" ಎಂದಳು.

ಮೆಟ್ಟಿಲ ಮೇಲೆ ಕೂರಿಸಿಕೊಂಡು ಕೇಳಿದೆ. ಬಿಡಿಸಿ ಬಿಡಿಸಿ ಹೇಳಿದಳು. ಶಾಲೆಯಲ್ಲಿ ನಡೆದದ್ದನ್ನೋ ಒಂದು ತಮಾಷೆಯನ್ನೋ ಅವಳು ಹೇಳಿ ಮುಗಿಸಿದರೆ ನಿನ್ನ ಕಡೆಯಿಂದ ಏನೂ ಕೇಳುತ್ತಿರಲಿಲ್ಲವಂತೆ. ಹೇಳಿದ್ದು ಅಮ್ಮನಿಗೆ ಹಿಡಿಸಲಿಲ್ಲ ಎಂದುಕೊಂಡು ಅವಳು ಬೇರೆ ಏನಾದರೂ ಶುರು ಮಾಡುತ್ತಿದ್ದಳಂತೆ. ಅಷ್ಟರಲ್ಲಿ ನಿನ್ನ ನಗು ಬಂದು ಅವಳ ಮಾತಿನ ಮೇಲೆ ಬೀಳುತ್ತಿತ್ತು, ನಗಬಾರದ ಜಾಗದಲ್ಲಿ. ಒಂದು ಸಲ ಜ್ವರ ಬಂದಿತ್ತು ಎಂದು ಹೇಳುವಾಗ ನೀನು ನಕ್ಕೆಯಂತೆ. ನೀನು ನಕ್ಕದ್ದು ಅದಕ್ಕೆ ಮುಂಚಿನ ಮಾತಿಗೆ ಎಂದು ಆ ಮಗುವಿಗೆ ಹೇಗೆ ತಿಳಿಯಬೇಕು? "ಅಮ್ಮ ಬೇರೆ ಯಾರ ಜೊತೆಗೋ ಮಾತಾಡ್ತಿದ್ದಾಳೆ, ನನ್ನ ಜೊತೆ ಅಲ್ಲ ಅನ್ನಿಸ್ತಿತ್ತು" ಎಂದಳು.

ಹಡಗಿನ ಫೋನಿನ ಮಾತು ಭೂಮಿಯ ಮೇಲೆ ನೇರ ಬರುವುದಿಲ್ಲ, ಆಕಾಶದಲ್ಲಿರುವ ಉಪಗ್ರಹಕ್ಕೆ ಹೋಗಿ ಅಲ್ಲಿಂದ ಇಳಿದು ಬರುತ್ತದೆ, ಅದಕ್ಕೇ ತಡ ಎಂದು ವಿವರಿಸಿದೆ. ಅವಳು ಆಕಾಶ ನೋಡಿದಳು. ಎಷ್ಟು ಹೊತ್ತು ಹಿಡಿಯುತ್ತದೆ ಎಂದಳು. ಹೋಗುವುದು, ಬರುವುದು ಸೇರಿ ಎರಡು ಪೆಟ್ಟು ಇರಬಹುದು ಎಂದೆ. ಅವಳ ಪಾದ ಮೆಟ್ಟಿಲ ಮೇಲೆ ಒಂದೆರಡು ಸಲ ಬಿತ್ತು. "ಅಷ್ಟೇನಾ? ಅದಕ್ಕಿಂತ ಜಾಸ್ತಿ ಇವತ್ತು ನಿಂತಿದ್ದೆ" ಎಂದಳು. ಆಮೇಲೆ, ಲೆಕ್ಕ ಬಿಡಿಸಿದವರ ಹಾಗೆ: "ಹಾಗಾದ್ರೆ ಅಮ್ಮ ಸುಮ್ನಿರೋದಲ್ಲ. ದಾರೀಲಿದ್ದಾಳೆ."

ನಾನು ಹಳೆಯ ಸಂಗೀತ ಕಲಿಸುತ್ತಿದ್ದೇನೆ ಎಂದುಕೊಂಡಿದ್ದೆ ಅಕ್ಕ. ಎಲ್ಲಿಯ ಜನ, ಯಾವ ಕಾಲದವರು, ಯಾವ ನೋವಿನಿಂದ ಕಡೆದು ತೆಗೆದದ್ದು! ಅದು ಇಷ್ಟು ವರ್ಷ, ಇಷ್ಟು ನೀರು ದಾಟಿ ಬಂದು ಒಂದು ಮೆಟ್ಟಿಲ ಮೇಲೆ ಕೂತ ಎಂಟು ವರ್ಷದ ಹುಡುಗಿಗೆ ತಾಯಿಯ ಮೌನವನ್ನು ಓದಲು ಕಲಿಸಿತು. ನಾನು ಬೀಗ ತೆಗೆಯಲೂ ಮರೆತು ಅವಳ ಪಕ್ಕದಲ್ಲೇ ಕೂತಿದ್ದೆ. ಕೊನೆಗೆ ಅವಳೇ, ಹಸಿವಾಗುತ್ತಿದೆ ಎಂದು ಎಬ್ಬಿಸಿದಳು.

ಆವತ್ತಿನಿಂದ ನಮ್ಮ ಮನೆಯಲ್ಲಿ ಅಭ್ಯಾಸ ನಡೆದಿದೆ. ಅವಳು ಅಡುಗೆಮನೆಯಲ್ಲಿ, ನಾನು ಮುಂಬಾಗಿಲ ಹತ್ತಿರ. ನಾನು ಹಡಗು, ಅಂದರೆ ನೀನು. ಅವಳು ಒಂದು ಮಾತು ಹೇಳುತ್ತಾಳೆ, ನಾನು ಎರಡು ಪೆಟ್ಟು ಬಿಟ್ಟು ಉತ್ತರ ಕೊಡಬೇಕು. "ಬೇಗ ಬಂದ್ರಿ ಮಾವ, ಮೊದಲಿಂದ" ಎಂದು ಗದರುತ್ತಾಳೆ. ನಿನ್ನ ಪಾತ್ರ ಕಷ್ಟದ್ದು. ಪಕ್ಕದ ಮನೆಯವರು ನಮ್ಮಿಬ್ಬರಿಗೂ ಕಿವಿ ಮಂದವಾಗಿದೆ ಎಂದು ತಿಳಿದಿದ್ದಾರೆ, ನಾನು ತಿದ್ದಲು ಹೋಗಿಲ್ಲ.

ಆದ್ದರಿಂದ ನೀನು ಒಂದು ಕೆಲಸ ಮಾಡು. ಈ ಪತ್ರ ಸಿಕ್ಕ ಮೇಲೆ ಬರುವ ಭಾನುವಾರ, ಸಹಿ ಹಾಕುವುದೋ ಬೇಡವೋ ಎಂದು ತೀರ್ಮಾನ ಮಾಡುವ ಮುಂಚೆ, ಫೋನ್ ಮಾಡು. ಅವಳೇ ಎತ್ತುತ್ತಾಳೆ. ಒಂದು ಮಾತು ಹೇಳಿ ಸುಮ್ಮನಾಗುತ್ತಾಳೆ. ನಿನಗೆ ಏನೂ ಕೇಳಿಸದಿದ್ದರೆ "ಹಲೋ, ಹಲೋ, ಇದ್ದೀಯಾ" ಎಂದು ಕೂಗಬೇಡ. ಇರುತ್ತಾಳೆ. ನಿನ್ನ ದನಿ ಬರುವ ದಾರಿಯನ್ನು ತೆರವು ಮಾಡಿಕೊಂಡು, ಕಾಲಲ್ಲಿ ಎಣಿಸುತ್ತಾ ನಿಂತಿರುತ್ತಾಳೆ. ನೀನು ನಿಧಾನವಾಗಿ ಬಾ.

ಊರಿಗೆ ಬರುವುದೋ ಅಲ್ಲೇ ಮುಂದುವರಿಯುವುದೋ ಎನ್ನುವುದನ್ನು ನಾನು ಹೇಳುವುದಿಲ್ಲ, ಅದು ನಿನ್ನದು. ಮಗಳು ಮುಖ ತಿರುಗಿಸಿದಳು ಎಂಬ ಕಾರಣಕ್ಕೆ ಮಾತ್ರ ಬರಬೇಡ, ಆ ಕಾರಣ ಈಗ ಉಳಿದಿಲ್ಲ. ಅವಳನ್ನು ನೋಡದೆ ಇರಲಾರೆ ಎಂದಾದರೆ ಯಾರನ್ನೂ ಕೇಳದೆ ಬಾ.

ಭಾನುವಾರ ಮೊದಲು ಏನು ಹೇಳುತ್ತೀಯ ಎಂದು ಅವಳನ್ನು ಕೇಳಿದೆ, ನಿನಗೆ ಬರೆಯೋಣ ಎಂದು. ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಅದು ನಿಮಗಲ್ಲ ಮಾವ, ಅಮ್ಮನಿಗೆ" ಎಂದಳು. ನಾನು ಲೇಖನಿ ಕೆಳಗಿಟ್ಟೆ.

ಸಮುದ್ರ ನಿನ್ನ ಮೇಲೆ ಮೆತ್ತಗಿರಲಿ, ನಿನ್ನ ರೋಗಿಗಳು ಬೇಗ ಎದ್ದು ಓಡಾಡಲಿ, ಭಾನುವಾರ ಗಾಳಿ ತಣ್ಣಗಿರಲಿ.

ನಿನ್ನ ದಾರಿ ಕಾಯುವ,
ತಮ್ಮ